ಸತ್ತವರಿಗೆ ಏನು ಸೇರುತ್ತಿತ್ತು?

ಕನಕದಾಸರ ‘ರಾಮಧಾನ್ಯ ಚರಿತೆ’ಯನ್ನು ನಾವು ಜಾತಿ ಮತ್ತು ವರ್ಗದ ರೂಪಕವಾಗಿ ಓದುತ್ತ ಬಂದಿದ್ದೇವೆ. ಭತ್ತ ಮೇಲಿನವರ ಧಾನ್ಯ, ನರೆದಲೆಗ ಅಂದರೆ ರಾಗಿ ದುಡಿಯುವವರ ಧಾನ್ಯ. ಇಬ್ಬರೂ ಜಗಳಕ್ಕೆ ಬೀಳುತ್ತಾರೆ. ರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ. ಭತ್ತ ಸೊರಗುತ್ತದೆ, ನರೆದಲೆಗ ತಾಳಿಕೊಳ್ಳುತ್ತದೆ, ರಾಘವನ ಹೆಸರು ಪಡೆದು ರಾಗಿಯಾಗುತ್ತದೆ. ಪದವಿ ತರಗತಿಯ ಉತ್ತರಪತ್ರಿಕೆಗಳಲ್ಲಿ ಇಷ್ಟನ್ನು ನಾವೆಲ್ಲ ಬರೆದವರೇ. ಆದರೆ ಆ ಜಗಳದ ನಡುವೆ ರಾಗಿ ಆಡುವ ಒಂದು ಮಾತಿನ ಬಳಿ ಯಾರೂ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಶುಭಕಾರ್ಯಗಳಿಗೆಲ್ಲ ನಾನೇ ಬೇಕು ಎಂದು ಬೀಗುವ ಭತ್ತಕ್ಕೆ ರಾಗಿ ಕೊಡುವ ತಿರುಗೇಟು ಅದು: ನೀನು ಹೆಣದ ಬಾಯಿಗೆ ಹಾಕುವ ತುತ್ತು.

ಸತ್ತವರಿಗೆ ಉಣಿಸುವ ಅನ್ನ ಇಲ್ಲಿ ಒಂದು ಬೈಗುಳ. ಕಾಗಿನೆಲೆಯ ಕವಿ ಈ ಬೈಗುಳವನ್ನು ರಾಗಿಯ ಬಾಯಲ್ಲಿ ಇಟ್ಟಿದ್ದಕ್ಕೆ ಕಾರಣ ಸ್ಪಷ್ಟ. ಯಾವ ಧಾನ್ಯ ಶ್ರಾದ್ಧಕ್ಕೆ ಯೋಗ್ಯ, ಯಾವುದು ಅಲ್ಲ ಎಂಬ ಪಟ್ಟಿಯನ್ನು ಮಾಡಿದವರು ಯಾರು ಎನ್ನುವುದು ಆ ಕಾವ್ಯದ ಒಳಗಿನ ಸಿಟ್ಟು. ನನ್ನ ವಾದ ಇಲ್ಲಿಂದ ಶುರುವಾಗುತ್ತದೆ. ಕನ್ನಡದ ಮುಖ್ಯ ಕೃತಿಗಳು ಸತ್ತವರ ಊಟದ ಬಗ್ಗೆ ಮಾತಾಡಿದಾಗಲೆಲ್ಲ ಕೇಳಿರುವ ಪ್ರಶ್ನೆ ಹಕ್ಕಿನದು: ಯಾರು ಬಡಿಸಬೇಕು, ಯಾರು ಬಡಿಸುವಂತಿಲ್ಲ, ಯಾವುದನ್ನು ಬಡಿಸಬಹುದು. ನಮ್ಮ ಅಡುಗೆಮನೆಗಳು ವರ್ಷಕ್ಕೊಮ್ಮೆ ಕೇಳುವ ಪ್ರಶ್ನೆ ಬೇರೆ: ಸತ್ತವರಿಗೆ ಏನು ಸೇರುತ್ತಿತ್ತು? ಈ ಎರಡನೆಯ ಪ್ರಶ್ನೆ ನಮ್ಮ ಬರವಣಿಗೆಯೊಳಗೆ ಸರಿಯಾಗಿ ಬಂದೇ ಇಲ್ಲ ಎಂದು ನನಗನ್ನಿಸುತ್ತದೆ. ಅದು ಬರದೇ ಇದ್ದುದರಿಂದ ಆಗಿರುವ ನಷ್ಟ ಸಣ್ಣದಲ್ಲ.

ಮೊದಲು ಹಕ್ಕಿನ ಪ್ರಶ್ನೆಯನ್ನೇ ನೋಡೋಣ. ಅನಂತಮೂರ್ತಿಯವರ ‘ಸಂಸ್ಕಾರ’ (1965) ನಿಂತಿರುವುದೇ ಅದರ ಮೇಲೆ. ದೂರ್ವಾಸಪುರದ ಅಗ್ರಹಾರದಲ್ಲಿ ನಾರಣಪ್ಪ ಸತ್ತಿದ್ದಾನೆ. ಮಕ್ಕಳಿಲ್ಲ, ಬ್ರಾಹ್ಮಣ್ಯವನ್ನು ಕಾಲಲ್ಲಿ ಒದ್ದವನು. ಹೆಣ ಎತ್ತುವವರೆಗೆ ಅಗ್ರಹಾರದಲ್ಲಿ ಯಾರೂ ಉಣ್ಣುವಂತಿಲ್ಲ, ಹೆಣ ಎತ್ತಲು ಯಾರೂ ಮುಂದೆ ಬರುವಂತಿಲ್ಲ. ಚಂದ್ರಿ ತನ್ನ ಬಂಗಾರ ಬಿಚ್ಚಿಟ್ಟ ಮೇಲೆ ಧರ್ಮದ ಪ್ರಶ್ನೆಗೆ ಆಸೆಯೂ ಬಂದು ಸೇರುತ್ತದೆ. ಕಾದಂಬರಿಯ ತುಂಬ ಹಸಿವಿದೆ, ಆದರೆ ಅದೆಲ್ಲ ಬದುಕಿರುವವರ ಹಸಿವು. ನಾರಣಪ್ಪ ಏನು ತಿನ್ನುತ್ತಿದ್ದ, ಏನು ಕುಡಿಯುತ್ತಿದ್ದ ಎಂಬುದು ನಮಗೆ ಚೆನ್ನಾಗಿ ಗೊತ್ತಾಗುತ್ತದೆ, ಯಾಕೆಂದರೆ ಅದೆಲ್ಲ ಆರೋಪಗಳ ಪಟ್ಟಿಯಾಗಿ ಬರುತ್ತದೆ. ಅವನಿಗೆ ಸೇರುತ್ತಿದ್ದ ಊಟವೇ ಅವನ ಅಪರಾಧ.

ಆ ಊಟವನ್ನು ಅಪರಾಧವೆಂದು ನೋಡದೆ ನೆನೆಯಬಲ್ಲ ಒಬ್ಬಳೇ ಒಬ್ಬಳು ಕಾದಂಬರಿಯಲ್ಲಿದ್ದಾಳೆ. ಅವಳು ಚಂದ್ರಿ. ಕಾಡಿನಲ್ಲಿ ಹಸಿದ ಪ್ರಾಣೇಶಾಚಾರ್ಯರಿಗೆ ಬಾಳೆಹಣ್ಣು ತಿನ್ನಿಸುವವಳೂ ಅವಳೇ, ಅಹ್ಮದ್ ಬ್ಯಾರಿಯ ನೆರವಿನಿಂದ ರಾತ್ರೋರಾತ್ರಿ ನಾರಣಪ್ಪನನ್ನು ಸುಟ್ಟುಬರುವವಳೂ ಅವಳೇ. ಯಾರಿಗೂ ಹೇಳದೆ ತನ್ನ ಪಾಡಿಗೆ ತಾನು ಹೊರಟುಹೋಗುತ್ತಾಳೆ. ಕಾದಂಬರಿ ಅವಳ ಹಿಂದೆ ಹೋಗುವುದಿಲ್ಲ, ಆಚಾರ್ಯರ ಹಿಂದೆ ಹೋಗುತ್ತದೆ. ಆಚಾರ್ಯರಿಗೆ ಸೂತಕದಲ್ಲಿ ಮೇಳಿಗೆಯ ದೇವಸ್ಥಾನದ ಊಟಕ್ಕೆ ಕೂತದ್ದು ದೊಡ್ಡ ಸಂಕಟ. ಮುಂದಿನ ವರ್ಷ ಆ ದಿನ ಬಂದಾಗ ಚಂದ್ರಿ ಏನು ಮಾಡಿದ್ದಾಳು, ಒಂದು ಎಲೆಯ ಮೇಲೆ ನಾರಣಪ್ಪನಿಗೆ ಏನಿಟ್ಟಾಳು ಎಂಬುದು ನಮ್ಮ ವಿಮರ್ಶೆಗೂ ಹೊಳೆದ ಪ್ರಶ್ನೆಯಲ್ಲ.

ಅವರದೇ ‘ಘಟಶ್ರಾದ್ಧ’ದಲ್ಲಿ ವಿಧಿ ಇನ್ನೂ ಕ್ರೂರವಾಗುತ್ತದೆ. ಬದುಕಿರುವ ಮಗಳಿಗೆ ಅಪ್ಪನೇ ಶ್ರಾದ್ಧ ಮಾಡುತ್ತಾನೆ. ಗಿರೀಶ ಕಾಸರವಳ್ಳಿ 1977ರಲ್ಲಿ ಅದನ್ನು ಸಿನಿಮಾ ಮಾಡಿದಾಗ ನೋಡಿದವರಿಗೆ ಯಮುನಕ್ಕನ ಮುಖ ಮರೆತಿರಲಾರದು. ಸತ್ತವರನ್ನು ಮನೆಗೆ ಕರೆಯಬೇಕಾದ ವಿಧಿ ಇಲ್ಲಿ ಇರುವವಳನ್ನು ಮನೆಯಿಂದ ಆಚೆ ಹಾಕುವ ಆಯುಧ. ಭೈರಪ್ಪನವರ ‘ವಂಶವೃಕ್ಷ’ದಲ್ಲಿ ಶ್ರೀನಿವಾಸ ಶ್ರೋತ್ರಿಯರ ಇಡೀ ಬದುಕಿನ ಆಧಾರ ವಂಶ, ತಾನು ಆ ವಂಶದ ರಕ್ತವೇ ಅಲ್ಲ ಎಂದು ತಿಳಿದಾಗ ಕುಸಿಯುವುದೂ ಅದೇ. ಯಾರು ಯಾರಿಗೆ ಪಿಂಡ ಇಡಬೇಕು ಎಂಬ ಲೆಕ್ಕವೇ ಬುಡಮೇಲಾಗುತ್ತದೆ.

ಈಚಿನ ‘ತಿಥಿ’ (2015) ಈ ಭಾರವನ್ನೆಲ್ಲ ನಗುತ್ತ ಕೆಳಗಿಳಿಸಿದ ಸಿನಿಮಾ. ಮಂಡ್ಯ ಸೀಮೆಯ ಹಳ್ಳಿಯಲ್ಲಿ ನೂರೊಂದು ವರ್ಷದ ಸೆಂಚುರಿ ಗೌಡ ಸಾಯುತ್ತಾನೆ. ಹನ್ನೊಂದನೆಯ ದಿನದ ಬಾಡೂಟಕ್ಕೆ ದುಡ್ಡು ಹೊಂದಿಸಬೇಕು, ಕುರಿ ತರಬೇಕು, ಜಮೀನು ಮಾರಬೇಕು. ಮೊಮ್ಮಗ ತಮ್ಮಣ್ಣನ ಓಡಾಟ ನೋಡಿ ನಕ್ಕರೂ ಒಳಗೆ ಕಸಿವಿಸಿಯಾಗುತ್ತದೆ. ಆದರೆ ಆ ಊಟ ಊರಿನದು. ಎಷ್ಟು ಜನಕ್ಕೆ ಬಡಿಸಿದೆ ಎಂಬುದರ ಮೇಲೆ ಮನೆತನದ ಮಾನ ನಿಂತಿದೆ. ಅಗ್ರಹಾರದಿಂದ ಗೌಡರ ಹಟ್ಟಿಗೆ ಬಂದರೂ ಪ್ರಶ್ನೆ ಹೆಚ್ಚು ಬದಲಾಗಿಲ್ಲ. ಎಲೆಯ ಮುಂದೆ ಸತ್ತವನು ಇಲ್ಲ, ಅವನ ಲೆಕ್ಕವಿದೆ.

ಇನ್ನು ಅಡುಗೆಮನೆಗೆ ಬರೋಣ. ನಮ್ಮೂರು ಹೊಸರಿತ್ತಿ, ಹಾವೇರಿ ತಾಲೂಕಿನಲ್ಲಿ ವರದಾ ನದಿಯ ದಂಡೆಯ ಊರು. ಭಾದ್ರಪದದ ಕೃಷ್ಣಪಕ್ಷಕ್ಕೆ ಪಂಚಾಂಗದಲ್ಲಿ ಪಿತೃಪಕ್ಷ ಎಂಬ ಹೆಸರು. ನಮ್ಮ ಓಣಿಯಲ್ಲಿ ಅದು ಬರೀ ‘ಪಕ್ಷ’, ಇಲ್ಲವೇ ‘ಹಿರೇರ ಹಬ್ಬ’. ಸತ್ತ ತಿಥಿ ನೆನಪಿದ್ದವರು ಆ ತಿಥಿಗೆ ಮಾಡುತ್ತಾರೆ. ನೆನಪಿಲ್ಲದವರಿಗೆ, ಎಲ್ಲರಿಗೂ ಸೇರಿಸಿ, ಕೊನೆಯ ದಿನ ಮಹಾಲಯ ಅಮಾವಾಸ್ಯೆ ಇದ್ದೇ ಇದೆ. ಮಾರನೆಯ ದಿನದಿಂದ ನವರಾತ್ರಿ. ಗೋಡೆಗೆ ಒರಗಿಸಿ ಹಿರಿಯರ ಫೋಟೊ, ಮುಂದೆ ತುಂಬಿದ ತಂಬಿಗೆ, ದೀಪ, ಊದಿನಕಡ್ಡಿ, ಮಡಿಕೆ ಬಿಚ್ಚದ ಹೊಸ ಸೀರೆ, ಹೊಸ ಧೋತರ. ಎಲೆಯ ಮೇಲೆ ಕಡಲೆಬೇಳೆ ಹೂರಣದ ಹೋಳಿಗೆ, ಕಟ್ಟಿನ ಸಾರು, ಅನ್ನ, ಪಲ್ಯ, ಭಜಿ, ಹಪ್ಪಳ, ಸಂಡಿಗೆ. ಮನೆ ಮೇಲೆ ಕಾಗೆಗೆ ಒಂದು ಪಾಲು. ಕಾಗೆ ಮುಟ್ಟಿದ ಮೇಲೆ ಮನೆಯವರ ಊಟ.

ಇಷ್ಟು ಎಲ್ಲ ಮನೆಗೂ ಸಮಾನ. ಇದರ ಆಮೇಲೆ ಬರುವುದು ನನಗೆ ಮುಖ್ಯ. ಎಲೆ ತುಂಬಿದ ಮೇಲೆ ಒಳಗಿನಿಂದ ಒಂದು ದನಿ ಬರುತ್ತದೆ: “ಅಜ್ಜಗ ಮಿರ್ಚಿ ಅಂದ್ರ ಜೀವ ಇತ್ತು, ಎರಡು ಇಡು.” ಇನ್ನೊಂದು ಮನೆಯಲ್ಲಿ ಗಿರಮಿಟ್ಟು, ಮತ್ತೊಂದರಲ್ಲಿ ಎಲೆ-ಅಡಿಕೆ, ಇನ್ನೆಲ್ಲೋ ಒಂದು ಕಟ್ಟು ಬೀಡಿ. ಇವು ಯಾವ ಶಾಸ್ತ್ರದಲ್ಲೂ ಇಲ್ಲ. ಯಾವ ಪುರೋಹಿತರೂ ಹೇಳಿಕೊಟ್ಟದ್ದಲ್ಲ. ಹೋಳಿಗೆ ಹಿರಿಯರೆಲ್ಲರಿಗೆ, ಮಿರ್ಚಿ ಮಾತ್ರ ಆ ಒಬ್ಬ ಅಜ್ಜನಿಗೆ. ಹೋಳಿಗೆಯಿಂದ ಸತ್ತವರು ‘ಹಿರಿಯರು’ ಆಗುತ್ತಾರೆ, ಮಿರ್ಚಿಯಿಂದ ಮತ್ತೆ ಮನುಷ್ಯರಾಗುತ್ತಾರೆ.

ಇದೇ ಜೋಡಣೆಯನ್ನು ನಾನು ಮೊದಲು ಗುರುತಿಸಿದ್ದು ಬಲು ದೂರದ ಒಂದು ಹಬ್ಬದ ಬಗ್ಗೆ ಓದುವಾಗ. ಮೆಕ್ಸಿಕೊದಲ್ಲಿ ನವೆಂಬರ್ 1 ಮತ್ತು 2 ಸತ್ತವರ ದಿನಗಳು. ಆಗ ಅಲ್ಲಿನ ಬೇಕರಿಗಳಲ್ಲಿ ‘ಪಾನ್ ದೆ ಮುಯೆರ್ತೊ’ ಎಂಬ ಸಿಹಿ ಬ್ರೆಡ್ ಸುಡುತ್ತಾರೆ. ಹೆಸರಿನ ಅರ್ಥವೇ ಸತ್ತವರ ರೊಟ್ಟಿ. ಮೈದಾ, ಮೊಟ್ಟೆ, ಬೆಣ್ಣೆ, ಸಕ್ಕರೆ, ಮೇಲೆ ಕಿತ್ತಳೆ ಹೂವಿನ ನೀರಿನ ಪರಿಮಳ. ಗುಂಡಗಿನ ಬ್ರೆಡ್ಡಿನ ಮೇಲೆ ಎಲುಬಿನಂತೆ ಹೊಸೆದ ಹಿಟ್ಟಿನ ಎಳೆಗಳು ಅಡ್ಡಹಾಯ್ದಿರುತ್ತವೆ, ನಡುವೆ ಒಂದು ಸಣ್ಣ ಉಂಡೆ. ಅದನ್ನು ತಲೆಬುರುಡೆ ಎನ್ನುತ್ತಾರೆ. ವಹಾಕಾ ಪ್ರಾಂತ್ಯದಲ್ಲಿ ಬ್ರೆಡ್ಡಿಗೆ ಬಣ್ಣದ ಪುಟ್ಟ ಮುಖವನ್ನೇ ಅಂಟಿಸುತ್ತಾರೆ. ಮನೆಯಲ್ಲಿ ಹಾಕುವ ‘ಒಫ್ರೆಂದಾ’ ಎಂಬ ಎಡೆಯ ಮೇಲೆ ಫೋಟೊ, ದೀಪ, ನೀರು, ಚೆಂಡುಹೂವು, ಈ ಬ್ರೆಡ್ಡು ಇರುತ್ತವೆ. ಅದರ ಪಕ್ಕ ಆ ಸತ್ತವರಿಗೆ ಇಷ್ಟವಿದ್ದ ಅಡುಗೆ, ಪಾನೀಯ, ಸಿಗರೇಟು. ಬ್ರೆಡ್ಡು ಎಲ್ಲರಿಗೂ ಒಂದೇ. ಪಕ್ಕದ ತಟ್ಟೆ ಒಬ್ಬರದು.

ಈ ಹೋಲಿಕೆ ನನಗೆ ಎರಡು ಕಾರಣಕ್ಕೆ ಉಪಯುಕ್ತ. ಮೊದಲನೆಯದು, ಅಲ್ಲಿನ ಹಬ್ಬದ ಬಗ್ಗೆ ಬಹಳ ದೊಡ್ಡ ಬರವಣಿಗೆ ಬಂದಿದೆ, ಅದರ ಮಿತಿಯೂ ಕಾಣುತ್ತದೆ. 1960ರ ದಶಕದಲ್ಲಿ ದೆಹಲಿಯಲ್ಲಿ ಮೆಕ್ಸಿಕೊದ ರಾಯಭಾರಿಯಾಗಿದ್ದ ಕವಿ ಒಕ್ಟಾವಿಯೊ ಪಾಸ್ ಅದಕ್ಕೂ ಮೊದಲೇ, 1950ರಲ್ಲಿ ಪ್ರಕಟಿಸಿದ ‘ಏಕಾಂತದ ಚಕ್ರವ್ಯೂಹ’ ಎಂಬರ್ಥದ ಪುಸ್ತಕದಲ್ಲಿ ಈ ಹಬ್ಬಕ್ಕೆ ಒಂದು ಅಧ್ಯಾಯ ಮೀಸಲಿಟ್ಟಿದ್ದಾರೆ. ಸಾವಿನೊಡನೆ ಸಲುಗೆಯಿಂದ ಇರುವ, ಅದನ್ನು ಗೇಲಿ ಮಾಡುವ ‘ಮೆಕ್ಸಿಕನ್’ ಅಲ್ಲಿ ಬರುತ್ತಾನೆ, ಏಕವಚನದಲ್ಲಿ. ಇಡೀ ದೇಶದ ಮನಸ್ಸನ್ನು ಒಂದು ಆಕೃತಿಯಲ್ಲಿ ಹಿಡಿಯುವ ಆಸೆ ಆ ಬರಹದ ಶಕ್ತಿ. ಹಿಟ್ಟು ನಾದುವ ಕೈಗಳು ಅದರ ಕೇಂದ್ರದಲ್ಲಿಲ್ಲ. ನಮ್ಮಲ್ಲಿ ಕಾದಂಬರಿಗಳು ಅಗ್ರಹಾರವನ್ನು ಹಿಡಿದಾಗ ಅಡುಗೆಮನೆ ಜಾರಿಹೋದದ್ದು ನೆನಪಾಗುತ್ತದೆ. ದೊಡ್ಡ ಪ್ರಶ್ನೆಗಳು ಎಲ್ಲ ಕಡೆಯೂ ಹೀಗೇ ಮಾಡುತ್ತವೇನೋ.

ಎರಡನೆಯ ಕಾರಣ ನಮ್ಮ ಹೊಲದಲ್ಲೇ ಇದೆ. ಪಕ್ಷದ ಹೊತ್ತಿಗೆ ಹಾವೇರಿ ಜಿಲ್ಲೆಯಲ್ಲಿ ಎತ್ತ ನೋಡಿದರೂ ಗೋವಿನಜೋಳ. ಅದರ ತವರು ಮೆಕ್ಸಿಕೊ. ಕಟ್ಟಿನ ಸಾರಿಗೆ ಬಣ್ಣ ಕೊಡುವ ಮೆಣಸಿನಕಾಯಿಯ ಮೂಲವೂ ಆ ಕಡೆಯದೇ. 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ನಮ್ಮ ಬ್ಯಾಡಗಿಯ ಹೆಮ್ಮೆ ಪೋರ್ಚುಗೀಸರ ಹಡಗುಗಳ ಕಾಲದ ನಂತರದ್ದು. ಫೋಟೊಕ್ಕೆ ಹಾಕುವ ಚೆಂಡುಹೂವು ಕೂಡ ಅಲ್ಲಿಂದ ಬಂದ ಗಿಡ. ಅಲ್ಲಿನವರು ಬ್ರೆಡ್ ಮಾಡುವ ಗೋಧಿ ಸ್ಪೇನಿನವರ ಜೊತೆ ಹೋದದ್ದು. ಅದಕ್ಕೂ ಮೊದಲು ಅವರು ರಾಜಗಿರಿ ಹಿಟ್ಟಿನಲ್ಲಿ ದೇವರ ಆಕೃತಿಗಳನ್ನು ಮಾಡುತ್ತಿದ್ದರು, ಅದನ್ನು ಹೊಸ ಆಳರಸರು ಸಹಿಸಲಿಲ್ಲ. ಬ್ರೆಡ್ಡಿನ ಮೇಲೆ ಉದುರಿಸುವ ಸಕ್ಕರೆಯನ್ನು ಕಬ್ಬಿನ ಹಾಲಿನಿಂದ ಹರಳುಗಟ್ಟಿಸುವ ವಿದ್ಯೆ ಭಾರತದಿಂದ ಹೊರಟದ್ದು. ಹೊಸರಿತ್ತಿಯ ಅಜ್ಜನ ಎಲೆಯ ಮೇಲಿನ ಮಿರ್ಚಿ ಭಜಿ ಐದು ಶತಮಾನಗಳ ಹಿಂದೆ ಸಾಧ್ಯವೇ ಇರಲಿಲ್ಲ. ಎಡೆಯಲ್ಲಿ ‘ಸನಾತನ’ ಎನ್ನುವಂಥದ್ದು ಬಹಳ ಇಲ್ಲ. ಯಾರಿಗೋ ಅದು ಸೇರಿತು, ಅವರು ಸತ್ತರು, ಮನೆಯವರು ಇಟ್ಟರು. ಹೊಸದು ಹಳೆಯದಾದದ್ದು ಹೀಗೆ. ರಾಮಧಾನ್ಯದ ಭತ್ತ ಎತ್ತಿ ಹಿಡಿಯುವ ಯೋಗ್ಯತೆಯ ಪಟ್ಟಿಯನ್ನು ಅಡುಗೆಮನೆ ಯಾವ ಗಲಾಟೆಯೂ ಇಲ್ಲದೆ ಬದಿಗಿಟ್ಟಿದೆ.

ಇಲ್ಲಿ ಎರಡು ಆಕ್ಷೇಪಗಳನ್ನು ಎದುರಿಸಬೇಕು. ಒಂದು ಶರಣರದು. ಜನನಸೂತಕ, ಮರಣಸೂತಕ ಸೇರಿ ಪಂಚಸೂತಕಗಳನ್ನು ವಚನಕಾರರು ತಳ್ಳಿಹಾಕಿದರು. ಸತ್ತವರು ಲಿಂಗೈಕ್ಯರಾದರು ಎಂದ ಮೇಲೆ ಎಡೆ ಉಣ್ಣಲು ಬರುವವರು ಯಾರು? ಅಂಬಿಗರ ಚೌಡಯ್ಯನ ಹೆಸರು ಹೊತ್ತ ಚೌಡಯ್ಯದಾನಪುರ ನಮ್ಮದೇ ಜಿಲ್ಲೆಯ ರಾಣೆಬೆನ್ನೂರು ತಾಲೂಕಿನಲ್ಲಿದೆ. ಆ ಅಂಬಿಗ ನಮ್ಮ ಮನೆಯ ಬಾಗಿಲಲ್ಲಿ ನಿಂತು ಈ ಪ್ರಶ್ನೆ ಕೇಳಿದರೆ ಉತ್ತರ ಕೊಡುವುದು ಕಷ್ಟ. ಆದರೂ ನಮ್ಮ ಭಾಗದ ಅನೇಕ ಲಿಂಗಾಯತ ಮನೆಗಳಲ್ಲಿ ಹಿರೇರ ಹಬ್ಬ ನಡೆಯುತ್ತದೆ. ಇದನ್ನು ವೈದಿಕದ ನುಸುಳುವಿಕೆ ಎಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸುವುದು ಸುಲಭ. ನನಗೆ ಆ ಓದು ಸಾಲದು ಅನ್ನಿಸುತ್ತದೆ. ವಚನಗಳು ಪ್ರಶ್ನಿಸಿದ್ದು ಮಧ್ಯವರ್ತಿಯನ್ನು, ಮೈಲಿಗೆಯ ಭಯವನ್ನು. ಮಿರ್ಚಿ ಇಡುವವಳಿಗೆ ಇವೆರಡೂ ಇಲ್ಲ. ಅವಳು ಸತ್ತವರಿಗೆ ಗತಿ ಕಾಣಿಸಲು ಹೊರಟಿಲ್ಲ, ಅವರ ರುಚಿಯನ್ನು ನೆನೆಯುತ್ತಿದ್ದಾಳೆ. ಈ ವ್ಯತ್ಯಾಸವನ್ನು ಗುರುತಿಸಲು ನಮ್ಮ ವಿಮರ್ಶೆಗೆ ಪದಗಳು ಬೇಕು.

ಇನ್ನೊಂದು ಆಕ್ಷೇಪ ಊರಿನದೇ. ಇದ್ದಾಗ ಒಂದು ತುತ್ತು ಸರಿಯಾಗಿ ಹಾಕದವರು ಸತ್ತ ಮೇಲೆ ಹೋಳಿಗೆ ಮಾಡುತ್ತಾರೆ ಎಂದು ಪ್ರತಿ ಪಕ್ಷದಲ್ಲೂ ಯಾರಾದರೂ ಆಡಿಯೇ ಆಡುತ್ತಾರೆ. ಇದು ನಿಜವಾದ ಮಾತು. ಎಡೆಯನ್ನು ನಾನು ಪ್ರೀತಿಯ ಕುರುಹು ಎಂದಷ್ಟೇ ಬರೆದರೆ ಈ ಮಾತು ನನ್ನ ಬರಹವನ್ನು ಹರಿದುಹಾಕುತ್ತದೆ. ಆದರೆ ಈ ಟೀಕೆ ಹುಟ್ಟುವುದಕ್ಕೂ ಎಡೆಯೇ ಕಾರಣ ಎಂಬುದನ್ನು ಗಮನಿಸಬೇಕು. ಎಲೆಯ ಮೇಲೆ ಹೋಳಿಗೆ ಕಂಡಾಗಲೇ ಆ ಮುದುಕ ಕೊನೆಯ ಎರಡು ವರ್ಷ ಏನುಂಡ ಎಂಬುದು ಓಣಿಗೆ ನೆನಪಾಗುವುದು. ಎಡೆ ಮನೆಯವರ ಮೇಲೆ ಹೇಳುವ ಸಾಕ್ಷಿಯೂ ಹೌದು. ಇಂಥ ಎರಡಲಗಿನ ವಸ್ತು ಕಥೆಗಾರರಿಗೆ ಇನ್ನೆಲ್ಲಿ ಸಿಗಬೇಕು?

ಊರು ತನ್ನ ಸತ್ತವರನ್ನು ಬೇರೆ ರೀತಿಯಲ್ಲೂ ನೆನೆಯುತ್ತದೆ. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಬ್ರಿಟಿಷ್ ಸರ್ಕಾರದ ಕಂದಾಯದ ಖಜಾನೆಯ ಮೇಲೆ ದಾಳಿ ಮಾಡಿದಾಗ ಪೊಲೀಸರ ಗುಂಡಿಗೆ ಮೂವರು ಬಲಿಯಾದರು: ಮೋಟೆಬೆನ್ನೂರಿನ ಮೈಲಾರ ಮಹದೇವಪ್ಪ, ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ. ಗಾಂಧೀಜಿಯ ಜೊತೆ ದಂಡಿಗೆ ನಡೆದ ಮಹದೇವಪ್ಪನವರ ಹೆಸರಿನಲ್ಲಿ 2018ರಲ್ಲಿ ಅಂಚೆಚೀಟಿ ಬಂತು. ಮಾಲೆ, ಭಾಷಣ, ಮೌನಾಚರಣೆ, ಇವು ಸಾರ್ವಜನಿಕ ನೆನಪಿನ ಭಾಷೆ. ಅದು ಬೇಕು. ಆದರೆ ಆ ಭಾಷೆಯಲ್ಲಿ ಸತ್ತವನು ಏನು ಮಾಡಿದ ಎಂಬುದಕ್ಕೆ ಮಾತ್ರ ಜಾಗವಿದೆ. ಮೂವತ್ತೊಂದು ವರ್ಷದ ಆ ತರುಣ ಮನೆಯಲ್ಲಿ ಕೂತು ಏನನ್ನು ಬಾಯಿ ಚಪ್ಪರಿಸಿ ತಿನ್ನುತ್ತಿದ್ದ ಎಂದು ಯಾವ ಭಾಷಣವೂ ಹೇಳುವುದಿಲ್ಲ. ಅದನ್ನು ನೆನಪಿಟ್ಟುಕೊಳ್ಳುವ ಕೆಲಸ ಮನೆಗೆ ಸೇರಿದ್ದು.

ಮನೆಯಾದರೂ ಅದನ್ನು ಪೂರ್ತಿ ಮಾಡುತ್ತದೆಯೇ? ನನ್ನನ್ನು ಕಾಡುವುದು ಇದು. ನಮ್ಮ ಮನೆಯ ಎಲೆಯ ಮುಂದೆ ನಿಂತು ಅಜ್ಜನಿಗೆ ಏನು ಸೇರುತ್ತಿತ್ತು ಎಂದು ಕೇಳಿದರೆ ನಾಲ್ಕು ಜನ ನಾಲ್ಕು ಉತ್ತರ ಕೊಡುತ್ತಾರೆ. ಮಿರ್ಚಿ, ಸಜ್ಜಿರೊಟ್ಟಿ, ಮಾದಲಿ, ಸಂತೆಯಿಂದ ತಂದ ಖಾರದಾನಿ. ಅಜ್ಜಿಗೆ ಏನು ಸೇರುತ್ತಿತ್ತು ಎಂದು ಕೇಳಿದರೆ ಒಂದು ಗಳಿಗೆ ಯಾರೂ ಮಾತಾಡುವುದಿಲ್ಲ. ಆಮೇಲೆ ಅವ್ವ ಹೇಳುತ್ತಾಳೆ: “ಆಕಿದೇನು, ಆಕಿ ಎಲ್ಲಾ ತಿಂತಿದ್ಲು.” ಅಂದರೆ ಉಳಿದದ್ದನ್ನು ತಿನ್ನುತ್ತಿದ್ದಳು. ಎಲ್ಲರದೂ ಆದ ಮೇಲೆ, ಒಲೆಯ ಮುಂದೆ ಕೂತು, ತಳ ಹಿಡಿದ ಅನ್ನಕ್ಕೆ ಸಾರಿನ ಗಷ್ಟು ಹಾಕಿಕೊಂಡು. ಹೀಗೆ ಉಂಡವಳ ಇಷ್ಟವನ್ನು ಯಾರು ಕಂಡಿದ್ದಾರೆ? ಅವಳ ಹೆಸರಿನಲ್ಲಿ ಎಲೆಯ ಮೇಲೆ ಇಡುವುದು ಅವಳು ಚೆನ್ನಾಗಿ ಮಾಡುತ್ತಿದ್ದ ಅಡುಗೆಯನ್ನು. ಹೋಳಿಗೆಯಿಂದ ಅವಳು ‘ಹಿರಿಯಳು’ ಆಗುತ್ತಾಳೆ. ಮತ್ತೆ ಮನುಷ್ಯಳಾಗಲು ಬೇಕಾದ ಆ ಒಂದು ಮಿರ್ಚಿ ಅವಳಿಗೆ ಇಲ್ಲ.

‘ಕೋಕೋ’ (2017) ಎಂಬ ಅನಿಮೇಷನ್ ಸಿನಿಮಾವನ್ನು ನಮ್ಮಲ್ಲಿ ಹಲವರು ನೋಡಿದ್ದೀರಿ. ಅದರ ನಿಯಮ ಸರಳ: ಒಫ್ರೆಂದಾದ ಮೇಲೆ ಫೋಟೊ ಇಲ್ಲದ ಸತ್ತವರು ಹಬ್ಬಕ್ಕೆ ಮನೆಗೆ ದಾಟಿ ಬರುವಂತಿಲ್ಲ, ಬದುಕಿರುವವರಲ್ಲಿ ಅವರನ್ನು ನೆನೆಯುವ ಕೊನೆಯವರೂ ಮರೆತರೆ ಅವರು ಎರಡನೆಯ ಸಲ ಸಾಯುತ್ತಾರೆ. ನಮ್ಮ ಹಿಂದಿನ ತಲೆಮಾರಿನ ಎಷ್ಟು ಹೆಂಗಸರ ಫೋಟೊ ಮನೆಯಲ್ಲಿದೆ? ಇದ್ದರೂ ಯಾವುದೋ ಮದುವೆಯ ಗುಂಪಿನಲ್ಲಿ ಸೆರಗು ಹೊದ್ದ ಅರ್ಧ ಮುಖ. ಮೆಕ್ಸಿಕೊದ ಹಲವು ಮನೆಗಳಲ್ಲಿ ಯಾರೂ ಇಲ್ಲದ ಒಂಟಿ ಆತ್ಮಕ್ಕೆಂದು ಒಂದು ದೀಪ ಹೆಚ್ಚಿಗೆ ಹಚ್ಚುತ್ತಾರೆ. ನಮ್ಮ ತರ್ಪಣದಲ್ಲೂ ತಂದೆ, ತಾಯಿ, ಬಂಧು ಯಾರೂ ಇಲ್ಲದವರಿಗೆಂದು ನೀರು ಬಿಡುವ ಒಂದು ಹಂತವಿದೆ. ಆದರೆ ಅಜ್ಜಿ ಯಾರೂ ಇಲ್ಲದವಳಲ್ಲ. ಮನೆತುಂಬ ಮಕ್ಕಳು, ಮೊಮ್ಮಕ್ಕಳು. ಎಲ್ಲರೂ ಇದ್ದು ಅವಳ ರುಚಿ ಮಾತ್ರ ಯಾರಿಗೂ ಗೊತ್ತಿಲ್ಲದವಳು. ಇವಳಿಗೆ ಯಾವ ವಿಧಿಯೂ ಇಲ್ಲ.

ಸಾಹಿತ್ಯದ ಕೆಲಸ ಇಲ್ಲಿದೆ ಎಂದು ನಾನು ನಂಬಿದ್ದೇನೆ. ಹಕ್ಕಿನ ಪ್ರಶ್ನೆಯನ್ನು ಕೇಳಿದ ಕೃತಿಗಳು ದೊಡ್ಡವು, ಅವು ಇಲ್ಲದಿದ್ದರೆ ನಾವು ಈಗಲೂ ಭತ್ತದ ಪಟ್ಟಿಯನ್ನೇ ಓದುತ್ತಿದ್ದೆವು. ಆದರೆ ಆ ಪ್ರಶ್ನೆಯ ಎರಡೂ ತುದಿಯಲ್ಲಿ ಗಂಡಸರಿದ್ದಾರೆ: ಪಿಂಡ ಇಡುವ ಮಗ, ಪಿಂಡ ಪಡೆಯುವ ಅಪ್ಪ. ರುಚಿಯ ಪ್ರಶ್ನೆ ಕೇಳಿದ ಕೂಡಲೇ ಚಿತ್ರ ಬದಲಾಗುತ್ತದೆ. ಯಾರು ಮೊದಲು ಉಂಡರು, ಯಾರು ಕೊನೆಗೆ, ಯಾರು ಇಷ್ಟಪಡುವ ಸ್ವಾತಂತ್ರ್ಯವನ್ನೇ ಪಡೆಯಲಿಲ್ಲ ಎಂಬುದೆಲ್ಲ ಎಲೆಯ ಮೇಲೆ ಕಾಣತೊಡಗುತ್ತದೆ. ಬೀಸುವ ಪದಗಳಲ್ಲಿ ಹೆಂಗಸರು ತವರು, ಅಣ್ಣ, ಅವ್ವ ಎಲ್ಲರನ್ನೂ ಹೆಸರಿಟ್ಟು ಕರೆದರು. ಹಲಸಂಗಿ ಗೆಳೆಯರು ಅವನ್ನು ಬರೆದುಕೊಂಡು ‘ಗರತಿಯ ಹಾಡು’ ತಂದರು, ಇಲ್ಲವಾದರೆ ಅದೂ ನಮಗೆ ಸಿಗುತ್ತಿರಲಿಲ್ಲ. ಒಲೆಯ ಮುಂದಿನ ಮಾತನ್ನು ಬರೆದುಕೊಳ್ಳುವ ಕೆಲಸ ಇನ್ನೂ ಬಾಕಿ ಇದೆ.

ಸತ್ತ ಅಜ್ಜಿಯ ಉತ್ತರ ಇನ್ನು ಸಿಗುವುದಿಲ್ಲ. ಅವಳ ಎಲೆಯ ಆ ಒಂದು ಜಾಗ ಖಾಲಿಯೇ. ಅದನ್ನು ಹೋಳಿಗೆಯಿಂದ ಮುಚ್ಚದೆ ಖಾಲಿ ಎಂದೇ ತೋರಿಸುವ ಕಥೆಯೊಂದನ್ನು ನಾನು ಓದಬೇಕು. ಇರುವವರ ವಿಷಯದಲ್ಲಿ ಮಾತ್ರ ಇನ್ನೂ ಕಾಲ ಮಿಂಚಿಲ್ಲ. ಮುಂದಿನ ಪಕ್ಷದೊಳಗೆ ನಿಮ್ಮ ಮನೆಯ ಹೆಂಗಸರನ್ನು ಒಮ್ಮೆ ಕೇಳಿ ನೋಡಿ, ನಿನಗ ಏನು ಸೇರತೈತಿ ಅಂತ. ಮೊದಲ ಸಲ ಅವರು ನಕ್ಕು ಬೇರೆ ಮಾತಿಗೆ ಹೋಗುತ್ತಾರೆ. ಎರಡನೆಯ ಸಲವೂ ಕೇಳಿ.